ಮಾಲೀಕರ ಸಹಿ

ಕೊಯ್ಲಿನ ಹಬ್ಬದ ಹರಾಜಿನಲ್ಲಿ ಈ ಸಲ
ಒಂದು ಕುಂಬಳಕಾಯಿ ಸಾವಿರದ ನೂರಕ್ಕೆ ಹೋಯಿತು.
ಕೂಗಿದವರು ದೇವಪುತ್ರ ಮಾಸ್ತರು, ಪಿಂಚಣಿ ಬಂದ ವಾರ.
ಹುಂಜವೊಂದನ್ನು ಎರಡು ಸಲ ಮಾರಿದೆವು,
ಕೊಂಡವರೇ ತಿರುಗಿ ಕೊಟ್ಟರು;
ಮೂರನೆಯ ಸಲ ಅದು ಕಟ್ಟು ಬಿಡಿಸಿಕೊಂಡು
ಗೋಡೆ ಹಾರಿತು.
ಆ ದುಡ್ಡೆಲ್ಲ ಭಟ್ಟಿ ಓಣಿಗೆ ಎಂದು
ಮೊದಲೇ ಗೊತ್ತು ಮಾಡಿದ್ದೆವು.

ನಮ್ಮ ಚರ್ಚಿನ ಹಿಂದಿನ ಗೋಡೆಯಾಚೆ ಮಂಡಕ್ಕಿ ಭಟ್ಟಿಗಳು.
ದಾವಣಗೆರೆ ಮುಕ್ಕುವ ಆ ಬಿಳುಪು
ಎಂಥ ಕರಿಯಲ್ಲಿ ಹುಟ್ಟುತ್ತದೆಂದು
ಮೂಗಿಗೆ ಸೆರಗು ಹಿಡಿದು ಒಳಗೆ ಹೋದವರಿಗಷ್ಟೇ ಗೊತ್ತು.
ಬೆಳಗಿನ ಜಾವ ಮೂರಕ್ಕೆ ಮರಳು ಕಾಯುತ್ತದೆ,
ಅಕ್ಕಿ ಅರಳುತ್ತದೆ,
ಆಮೇಲೆ ಏಳುತ್ತದೆ ಖಾತೂನ್‌ಬಿಯ ಕೆಮ್ಮು.

ನಾನು ಸ್ತ್ರೀ ಸಮಾಜದ ಕಾರ್ಯದರ್ಶಿ, ಕೃಪಾವತಿ.
ಅಕ್ಷರ ದುಂಡಗಿದೆ ಎಂದು
ಭಾನುವಾರ ಆರಾಧನೆ ಮುಗಿದ ಮೇಲೆ
ಮೊಗಸಾಲೆಯ ಮೇಜು ನನ್ನ ಪಾಲಿಗೆ ಬಂತು.
ವಿಧವಾ ವೇತನ, ರೇಷನ್ ಕಾರ್ಡಿನಲ್ಲಿ ಬಿಟ್ಟುಹೋದ ಮಗು,
ಆಧಾರಿನಲ್ಲಿ ಗಂಡಸಾಗಿರುವ ಹುಸೇನಾಬಿ,
ಕಾರ್ಮಿಕರ ಕಾರ್ಡಿನ ಅರ್ಜಿ.
ಅದರಲ್ಲಿ ಹನ್ನೊಂದನೆಯ ಕಲಂ: ಮಾಲೀಕರ ಹೆಸರು ಮತ್ತು ಸಹಿ.
ಅಲ್ಲಿಗೆ ಬಂದಾಗ ಎಲ್ಲರೂ ಮೇಜಿನ ಕಾಲು ನೋಡುತ್ತಾರೆ.

ಭಟ್ಟಿ ಮಾಲೀಕರ ಬಾಗಿಲಿಗೆ ಹೋದೆವು,
ನಾನು, ಅಯ್ಯನವರು, ಛತ್ರಿ ಹಿಡಿದ ಸಮಾಧಾನಪ್ಪ.
ಚಹಾ ಕೊಟ್ಟರು. ಸಹಿ ಕೊಡಲಿಲ್ಲ.
“ನಮ್ಮ ಮನೆಯೋರಿದ್ದಂಗೆ ಅವರೆಲ್ಲ,
ಮನೆಯೋರಿಗೆ ಎಂಥಾ ಕಾರ್ಡು ಮೇಡಂ?”
ದಾರಿಯುದ್ದಕ್ಕೂ ಸಮಾಧಾನಪ್ಪ
ಆ ಮಾತನ್ನು ಅಣಕಿಸಿ ನಗಿಸಿದರು.

ಮುಂದಿನ ಭಾನುವಾರ ಸಾಲಿನ ಕೊನೆಯಲ್ಲಿ ಹಾಲಮ್ಮ.
ಪೊರಕೆಯನ್ನು ಗಂಟೆ ಕಂಬಕ್ಕೆ ಒರಗಿಸಿ,
“ನನಗೂ ಒಂದು ಬರಕೊಡ್ರಿ ಅಕ್ಕಾರೆ.”
ಹೆಸರು, ಬರೆದೆ. ವಯಸ್ಸು, ಅಂದಾಜು ಐವತ್ತು, ಬರೆದೆ.
ಕೆಲಸ: ಕಸ ಗುಡಿಸುವುದು, ಪಾಯಿಖಾನೆ ತೊಳೆಯುವುದು.
ಎಷ್ಟು ವರ್ಷದಿಂದ?
“ನಿಮ್ಮ ಮಗಳಿಗೆ ದೀಕ್ಷಾಸ್ನಾನ ಆತಲ್ರಿ, ಆ ವರ್ಷದಿಂದ.”
ಮಗಳು ಈಗ ಎರಡನೆಯದಕ್ಕೆ ಬಸುರಿ.
ಹತ್ತು ದಾಟಿ ಹನ್ನೊಂದಕ್ಕೆ ಬಂದೆ.
ಪೆನ್ನು ನಿಂತಿತು.

“ಮಾಲೀಕ ಅಂದ್ರೆ ಮೇಲಿನೋನೇ ಅಲ್ಲವಾ” ಅಂದರು
ಹಿಂದೆ ನಿಂತ ಸಮಾಧಾನಪ್ಪ, ನಗಿಸಲೆಂದು.
ಹಾಲಮ್ಮ ನಗಲಿಲ್ಲ.
“ಇಳಿದು ಬಂದು ಸಹಿ ಹಾಕ್ತಾನೇನ್ರಿ?”

ಕಮಿಟಿ ಕೂತದ್ದು ಮೂರು ಸಂಜೆ.
ತಿಂಗಳಿಗೆ ಒಂಬೈನೂರು, ಕ್ರಿಸ್‌ಮಸ್ಸಿಗೊಂದು ಸೀರೆ.
ಲೆಕ್ಕದ ಪುಸ್ತಕದಲ್ಲಿ ಅವಳು ‘ಇತರೆ ಖರ್ಚು’,
ಮೇಣದಬತ್ತಿ, ಫಿನಾಯಿಲಿನ ನಡುವೆ.
“ಅವಳು ನಮ್ಮ ಮನೆಯವಳಿದ್ದಂಗೆ” ಎಂದರು ಯಾರೋ.
ಆಡಿದ ಮಾತು ನೊಣದ ಹಾಗೆ
ಮೇಜಿನ ಮೇಲೆ ತುಸು ಹೊತ್ತು ಕೂತಿತ್ತು,
ಯಾರೂ ಓಡಿಸಲಿಲ್ಲ.
ಏಳು ಕೈ ಎದ್ದವು, ನಾಲ್ಕು ಏಳಲಿಲ್ಲ.
ಏಳರಲ್ಲಿ ಕೊನೆಯದು ಛತ್ರಿಯ ಕೈ.
ಮಾಲೀಕರ ಜಾಗದಲ್ಲಿ ಅಯ್ಯನವರ ಸಹಿ ಬಿತ್ತು, ಮೇಲೊಂದು ಸೀಲು.
ಹಳೆಯ ಬಾಕಿ?
ಅದಕ್ಕೊಂದು ಉಪಸಮಿತಿ.

ಆ ಕಾಗದ ಹಿಡಿದು ಮತ್ತೆ ಭಟ್ಟಿ ಮಾಲೀಕರಲ್ಲಿಗೆ ಹೋದೆವು.
ಈ ಸಲ ಚಹಾ ಕೂಡ ಕೊಡಲಿಲ್ಲ.
ಖಾತೂನ್‌ಬಿಯ ಹನ್ನೊಂದು ಇನ್ನೂ ಖಾಲಿ.

ವಾರಕ್ಕೊಂದು ರಜೆ, ಯಾವ ದಿನ ಬೇಕು ಎಂದರೆ
ಭಾನುವಾರ ಎಂದಳು ಹಾಲಮ್ಮ.
ಏಳನೆಯ ದಿನ ಬಿಡುವು ಎಂಬ ಕಟ್ಟಳೆಯನ್ನು
ನಾವು ಒಳಗೆ ಎದ್ದು ನಿಂತು ಹೇಳುವಾಗೆಲ್ಲ
ಅವಳು ಹೊರಗೆ ನಮ್ಮ ಚಪ್ಪಲಿಗಳ ಸುತ್ತ ಗುಡಿಸುತ್ತಿದ್ದಳು.

ಹೋದ ಭಾನುವಾರ ಪೊರಕೆ ನನ್ನ ಕೈಯಲ್ಲಿ.
ಇಪ್ಪತ್ತೆರಡು ಬೆಂಚು. ಅಡಿಯಲ್ಲಿ
ಪೆಪ್ಪರ್‌ಮೆಂಟಿನ ಕಾಗದ, ಹೇರ್‌ಪಿನ್ನು, ಬಸ್ ಟಿಕೆಟು,
ಯಾರದೋ ಜಡೆಯ ಒಣ ಕನಕಾಂಬರ.
ಎಲ್ಲದರ ಮೇಲೆ ಭಟ್ಟಿಯ ಮಸಿ, ಕಿಟಕಿ ಮುಚ್ಚಿದ್ದರೂ.
ಸೊಂಟ ಹಿಡಿದು ನೆಟ್ಟಗಾಗುವಷ್ಟರಲ್ಲಿ
ಮೊದಲ ಗಂಟೆ ಹೊಡೆದಿತ್ತು.

ಸೋಮವಾರ ಹಾಲಮ್ಮ ಬಂದು
ಬಾಗಿಲಲ್ಲೇ ನಿಂತು ಒಮ್ಮೆ ಕಣ್ಣಾಡಿಸಿದಳು.
“ಮೂಲೆ ಹಂಗೇ ಬಿಟ್ಟೀರಲ್ರಿ.”